ಮಗನಿಗೆ ಮೊದಲ ಕಿಲ್ಟ್

ಸ್ಕಾಟ್ಲೆಂಡಿನ ಎಡಿನ್‌ಬರೋ ಕೋಟೆಯಿಂದ ಇಳಿದು ಬರುವ ಹಳೆಯ ರಸ್ತೆಗೆ ರಾಯಲ್ ಮೈಲ್ ಎಂದು ಹೆಸರು. ಅಲ್ಲಿಯ ಅಂಗಡಿಗಳ ತುಂಬ ಕಿಲ್ಟ್‌ಗಳು. ಕಿಲ್ಟ್ ಎಂದರೆ ಚೌಕುಳಿ ಉಣ್ಣೆಬಟ್ಟೆಯ, ಹಿಂಬದಿಗೆ ನೆರಿಗೆಯಿರುವ, ಮೊಣಕಾಲಿನವರೆಗಿನ ಗಂಡಸರ ಉಡುಪು. ಮಕ್ಕಳೇ, ಲಂಗವೆಂದು ನಗಬೇಡಿ! ದೊಡ್ಡವರ ಕಿಲ್ಟ್‌ಗೆ ಸುಮಾರು 8 ಗಜ ಬಟ್ಟೆ ಬೇಕು. ಅಂದರೆ ತಾತನ ಎಂಟು ಮೊಳದ ಪಂಚೆ ಎರಡನ್ನು ಜೋಡಿಸಿದಷ್ಟು ಉದ್ದ.

ಬೆಟ್ಟನಾಡಿನವರು ದಂಗೆಯೆದ್ದು ಸೋತ ಮೇಲೆ, 1746ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಒಂದು ಕಾನೂನು ಮಾಡಿತು. ಸೈನಿಕರನ್ನು ಬಿಟ್ಟು ಅಲ್ಲಿಯ ಗಂಡಸರಾಗಲಿ ಹುಡುಗರಾಗಲಿ ಈ ಉಡುಪು ಉಟ್ಟರೆ 6 ತಿಂಗಳು ಸೆರೆ! 1782ರಲ್ಲಿ ಅದು ರದ್ದಾಯಿತು. ಹಾಗಾಗಿ ಮಗನಿಗೆ ಮೊದಲ ಕಿಲ್ಟ್ ಕೊಡಿಸುವುದೆಂದರೆ ಅಲ್ಲಿನ ತಂದೆಗೆ ಬರೀ ಬಟ್ಟೆಯ ಮಾತಲ್ಲ.

ಆದರೂ ಲೆಕ್ಕ ನೋಡಬೇಕಲ್ಲ! ಉಣ್ಣೆಯ ಕಿಲ್ಟ್ ದುಬಾರಿ. ಬೆಳೆಯುವ ಹುಡುಗನಿಗೆ ವರ್ಷಕ್ಕೊಂದು ಅಳತೆ. ಒಂದು ಮದುವೆಯ ಮಟ್ಟಿಗಾದರೆ ಬಾಡಿಗೆಗೂ ಸಿಗುತ್ತದೆ. ಕೊಳ್ಳುವುದಾದರೆ ಸೊಂಟದ ಬಕಲ್ ಸಡಿಲಿಸಲು ಜಾಗವಿದೆಯೇ, ಅಂಚನ್ನು ಒಳಗೆ ಮಡಿಚಿ ಹೊಲಿದಿದ್ದಾರೆಯೇ ಎಂದು ನೋಡಬೇಕು. ನಮ್ಮಲ್ಲಿ ಅಜ್ಜಿಯರು ಉದ್ದಲಂಗಕ್ಕೆ ಟಕ್ ಹಿಡಿಸಿ, ಮೊಮ್ಮಗಳು ಬೆಳೆದ ಹಾಗೆಲ್ಲ ಬಿಚ್ಚುತ್ತಿರಲಿಲ್ಲವೇ? ಹಾಗೆಯೇ. ಅಣ್ಣನಿಗೆ ಗಿಡ್ಡವಾದಾಗ ತಮ್ಮನಿಗೆ ಬರುತ್ತದೆ.

ಬ್ಯಾಂಕಿನಲ್ಲಿ ಲೆಕ್ಕ ಬರೆದ ನನ್ನನ್ನು ಕೇಳಿದರೆ, ಹಬ್ಬ, ಮದುವೆ, ಕುಣಿತಗಳಿಗೆ ಮತ್ತೆ ಮತ್ತೆ ಉಡುವ ಮನೆಯಾದರೆ ಕೊಳ್ಳಲಿ. ಫೋಟೊಗೆ ಮಾತ್ರವಾದರೆ ಬಾಡಿಗೆಯೇ ಸಾಕು. ಎಲ್ಲಕ್ಕೂ ಮೊದಲು ಹುಡುಗನಿಗೆ ಇಷ್ಟವೇ ಎಂದು ಕೇಳಬೇಕು. ಉಡಬೇಡ ಎಂದು ಹಿಂದೆ ಸರ್ಕಾರ ಮಾಡಿದ ಬಲವಂತವನ್ನು, ಉಡು ಎಂದು ಈಗ ಅಪ್ಪ ಮಾಡಬಾರದು.