ಋಣದ ಲೆಕ್ಕ

ನನಗೂ ಗಣಿತಕ್ಕೂ ಮೊದಲಿನಿಂದಲೂ ಅಷ್ಟಕ್ಕಷ್ಟೇ. ನಾನು ಕನ್ನಡ ಎಂ.ಎ. ಓದುವುದಕ್ಕೆ ಸಾಹಿತ್ಯದ ಮೇಲಿನ ಪ್ರೀತಿ ಎಷ್ಟು ಕಾರಣವೋ ಲೆಕ್ಕದ ಮೇಲಿನ ಭಯವೂ ಅಷ್ಟೇ ಕಾರಣ. ಆದರೆ ಈ ಗುಟ್ಟು ಮಗಳಿಗೆ ತಿಳಿಯದು. ಮೊನ್ನೆ ರಾತ್ರಿ ಊಟವಾದ ಮೇಲೆ ಪುಸ್ತಕ ಹಿಡಿದು ಬಂದು, “ಅಪ್ಪಾ, ಮೈನಸ್ ಎರಡು ಬೈ ಮೂರರ ವ್ಯುತ್ಕ್ರಮ ಏನು?” ಎಂದಳು.

ಅಂಶ ಛೇದಗಳನ್ನು ಅದಲುಬದಲು ಮಾಡಬೇಕೆಂದು ಪುಸ್ತಕದಲ್ಲೇ ಇತ್ತು. 2ನ್ನು ಕೆಳಗಿಳಿಸಿ 3ನ್ನು ಮೇಲೇರಿಸಿದೆ. ಎಲ್ಲವೂ ತಲೆಕೆಳಗಾಗುವಾಗ ಚಿಹ್ನೆಯೊಂದು ಏಕೆ ಉಳಿಯಬೇಕೆಂದು ಅದನ್ನೂ ಧಾರಾಳವಾಗಿ ಅಳಿಸಿದೆ. ಮಗಳು ಎರಡನ್ನೂ ಗುಣಿಸಿ, “ಒಂದು ಬರಬೇಕು, ಮೈನಸ್ ಒಂದು ಬಂತಲ್ಲಪ್ಪಾ!” ಎಂದು ನಕ್ಕು, ಚಿಹ್ನೆಯನ್ನು ಮತ್ತೆ ಹಾಕಿದಳು. ಸರಿಹೋಯಿತು.

ಅಂಥ ಮಹಾವೀರಾಚಾರ್ಯನೇ, ನಮ್ಮ ನೃಪತುಂಗನ ಕಾಲದಲ್ಲಿ ‘ಗಣಿತಸಾರಸಂಗ್ರಹ’ ಬರೆದವನು, ಸೊನ್ನೆಯಿಂದ ಭಾಗಿಸಿದರೂ ಸಂಖ್ಯೆ ಹಾಗೆಯೇ ಉಳಿಯುತ್ತದೆಂದು ತಪ್ಪಿದ್ದಾನೆ; ನನ್ನದು ಯಾವ ಮಹಾ ತಪ್ಪು ಎಂದು ಸಮಾಧಾನ ಮಾಡಿಕೊಂಡೆ. ಆದರೂ ನಿದ್ದೆ ಬರಲಿಲ್ಲ. ಕ್ರಿ.ಶ. 628ರಷ್ಟು ಹಿಂದೆಯೇ ಬ್ರಹ್ಮಗುಪ್ತನು ಈ ಸಂಖ್ಯೆಗಳನ್ನು ಧನ, ಋಣ ಎಂದು ಕರೆದಿದ್ದ. ಆ ‘ಋಣ’ ಎಂಬ ಮಾತು ಮನಸ್ಸಿಗೆ ಅಂಟಿಕೊಂಡಿತು.

ತಂದೆ ತೀರಿಕೊಂಡಾಗ ಅಣ್ಣ ಓದು ಬಿಟ್ಟು ತೋಟಕ್ಕಿಳಿದ. ನಾನು ಮೈಸೂರಿಗೆ ಓದಲು ಹೋದೆ. ತಿಂಗಳು ತಿಂಗಳು ಹಣ ಕಳುಹಿಸಿದವನು ಅವನು. ಈಗ ಎಲ್ಲವೂ ತಲೆಕೆಳಗಾಗಿದೆ. ನನಗೆ ಸಂಬಳ, ಸ್ವಂತ ಮನೆ. ಅವನ ತೋಟಕ್ಕೆ ಕೊಳೆರೋಗ. ಹೋದ ವರ್ಷ ಅವನ ಕಣ್ಣಿನ ಶಸ್ತ್ರಚಿಕಿತ್ಸೆಯ ಖರ್ಚನ್ನು ನಾನು ಕೊಟ್ಟೆ. ಕೊಟ್ಟ ದಿನ, ಇನ್ನು ಲೆಕ್ಕ ಚುಕ್ತಾ ಎಂದು ಒಳಗೇ ಅಂದುಕೊಂಡಿದ್ದೆ. ಮೇಲಿದ್ದವನು ಕೆಳಗಾದ, ಕೆಳಗಿದ್ದವನು ಮೇಲಾದ ಎಂದು ಹಿಂದಿನ ಚಿಹ್ನೆಯನ್ನು ಅಳಿಸಿಬಿಟ್ಟಿದ್ದೆ! ಆಮೇಲೆ ನಾನಾಗಿ ಅವನಿಗೆ ಫೋನು ಮಾಡಿದ್ದೂ ಕಡಿಮೆಯೇ.

ಬೆಳಗಾಗುತ್ತಲೇ ಫೋನು ಮಾಡಿದೆ.

“ಏನೋ, ಇಷ್ಟು ಹೊತ್ತಿಗೇ? ಮನೆಯಲ್ಲಿ ಎಲ್ಲ ಆರಾಮ ತಾನೇ?” ಎಂದ.

“ಸುಮ್ಮನೆ ಮಾಡಿದೆ, ಅಣ್ಣಾ.”

ಆ ಕಡೆ ಸ್ವಲ್ಪ ಹೊತ್ತು ಮೌನ. ಬಳಿಕ ಮೆಲ್ಲಗೆ, “ಆಸ್ಪತ್ರೆಯ ದುಡ್ಡು ನನಗೆ ನೆನಪಿದೆಯೋ. ಈ ಸಲದ ಅಡಿಕೆ ಮಾರಿದ ಕೂಡಲೇ ಕೊಡುತ್ತೇನೆ” ಎಂದ.

ನನಗೆ ಮಾತು ಹೊರಡಲಿಲ್ಲ. ನನ್ನನ್ನು ಓದಿಸಿದವನು ತಾನು ಸಾಲಗಾರನೆಂದು ಒಂದು ವರ್ಷದಿಂದ ಕೊರಗುತ್ತಿದ್ದ. ಸಾಲಗಾರನಾದ ನಾನು ಲೆಕ್ಕ ತೀರಿತೆಂದು ನೆಮ್ಮದಿಯಾಗಿದ್ದೆ.

ಮೇಜಿನ ಮೇಲೆ ಮಗಳ ಪುಸ್ತಕ ತೆರೆದೇ ಇತ್ತು. ಎಡಗಡೆ ಒಂದು ಋಣ, ಬಲಗಡೆ ಒಂದು ಋಣ. ಎರಡನ್ನೂ ಗುಣಿಸಿ ಅವಳು ದುಂಡಗೆ ಬರೆದಿದ್ದ ಉತ್ತರ: ಒಂದು.

“ಅಣ್ಣಾ, ಭಾನುವಾರ ಊರಿಗೆ ಬರುತ್ತೇನೆ” ಎಂದೆ.