ಹದಿನೈದು ಗಂಟೆಯ ಮೇಷ್ಟ್ರು

ನಮ್ಮ ಕಡೆಯ ಸರ್ಕಾರಿ ಪದವಿ ಕಾಲೇಜುಗಳು ನಡೆಯುವುದು ಕೆಂಪು ಬಸ್ಸು ಮತ್ತು ಅತಿಥಿ ಉಪನ್ಯಾಸಕರಿಂದ. ಎರಡರಲ್ಲಿ ಒಂದು ಕೈಕೊಟ್ಟರೂ ಮೊದಲ ಪೀರಿಯಡ್ ಇಲ್ಲ. ಅತಿಥಿಗಳಾದ ನಮಗೆ ಒಂದು ವರ್ಷ ಹುಣಸೂರು, ಇನ್ನೊಂದು ವರ್ಷ ಎಚ್.ಡಿ. ಕೋಟೆ. ಕೌನ್ಸೆಲಿಂಗ್‌ನಲ್ಲಿ ಬಂದ ಊರೇ ನಮ್ಮೂರು. ಪಾಸಿನಲ್ಲಿ ದಾರಿ ಬದಲಾಗುತ್ತದೆ, ಬ್ಯಾಗಿನಲ್ಲಿ ಅದೇ ಬುತ್ತಿ, ಅದೇ ಹಳಗನ್ನಡದ ನೋಟ್ಸು.

ಊರು ಬದಲಾದರೆ ಹುಡುಗರು ಚಕ್ಕರ್ ಹೊಡೆಯುವ ಕಾಲವೂ ಬದಲಾಗುತ್ತದೆ. ಕೆ.ಆರ್. ನಗರದಲ್ಲಿ ಭತ್ತದ ನಾಟಿ. ಹುಣಸೂರು, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು. ಆಗಸ್ಟ್ ಬಂತೆಂದರೆ ಹಿಂದಿನ ಬೆಂಚುಗಳು ಖಾಲಿ. ಬಂದವರ ಅಂಗೈ ನೋಡಬೇಕು: ಸೊಪ್ಪು ಮುರಿದ ಅಂಟು ಕಪ್ಪಗೆ ಕೂತಿರುತ್ತದೆ, ಸೋಪಿಗೂ ಬಿಡುವುದಿಲ್ಲ. ಅದೇ ಕೈಯಲ್ಲಿ ಪಂಪನ ಮೇಲೆ ಟಿಪ್ಪಣಿ ಬರೆದು ಕೊಟ್ಟರೆ ಹಾಳೆಯ ಅಂಚಿಗೆ ಹೆಬ್ಬೆಟ್ಟಿನ ಗುರುತು. ರಾತ್ರಿಯಿಡೀ ಸೊಪ್ಪು ಹದಮಾಡುವ ಬ್ಯಾರನ್ನಿನ ಬೆಂಕಿ ಕಾದವನಿಗೆ 75 ಪರ್ಸೆಂಟ್ ಹಾಜರಾತಿ ಎಲ್ಲಿಂದ ಬರಬೇಕು? ನಾನಂತೂ ಆ ತಿಂಗಳು ಹಾಜರಿ ಪುಸ್ತಕವನ್ನು ಸ್ವಲ್ಪ ಉದಾರವಾಗಿಯೇ ತೆರೆಯುತ್ತೇನೆ.

ಮೌಲ್ಯಮಾಪನಕ್ಕೆ ಮೈಸೂರಿಗೆ ಹೋಗುವುದು ನನಗೆ ಇಷ್ಟ. ಬಂಡಲ್ ಬಿಚ್ಚಿ ಕೆಂಪು ಪೆನ್ನು ಹಿಡಿದರೆ ಪ್ರೊಫೆಸರೂ ನಾನೂ ಒಂದೇ ಸಾಲಿನ ಕೂಲಿಗಳು. ಪತ್ರಿಕೆ ಯಾವ ಕಾಲೇಜಿನದೆಂಬುದನ್ನು ಕೋಡ್ ನಂಬರ್ ಮುಚ್ಚಿಡುತ್ತದೆ, ಹಕಾರ ಮಾತ್ರ ಗುಟ್ಟು ಬಿಟ್ಟುಕೊಡುತ್ತದೆ. ‘ಅಲವಾರು ವಚನಕಾರರು’ ಅಂತ ಇದ್ದರೆ ನಮ್ಮ ಕಡೆಯ ಹುಡುಗ. ಎಚ್ಚರ ತಪ್ಪಬಾರದೆಂದು ಇನ್ನೊಬ್ಬ ‘ಹಾದರೆ’ ಎಂದು ಬರೆದು ‘ಆದರೆ’ಗೆ ಹೊಸ ಅನರ್ಥ ತಂದಿಟ್ಟಿರುತ್ತಾನೆ. ಪಕ್ಕದವರು ಅರ್ಧ ಅಂಕ ಕಳೆಯುತ್ತಾರೆ. ವಿಷಯ ಸರಿಯಿದ್ದರೆ ನಾನು ಕಳೆಯುವುದಿಲ್ಲ. ನನ್ನ ಅವ್ವ ಈಗಲೂ ಕರೆಯುವುದು ‘ಉಣಸೂರು’ ಎಂದೇ.

ಇನ್ನು ದುಡ್ಡಿನ ಮಾತು. 2022ರ ಜನವರಿಯವರೆಗೆ ನೆಟ್, ಸ್ಲೆಟ್, ಪಿಎಚ್.ಡಿ. ಇದ್ದವರಿಗೆ ತಿಂಗಳಿಗೆ 13,000 ರೂಪಾಯಿ, ಇಲ್ಲದವರಿಗೆ 11,000. ಮುಷ್ಕರ ನಡೆದ ಮೇಲೆ ಅದು 26,000ದಿಂದ 32,000ದವರೆಗೆ ಏರಿತು. ಸಿಹಿ ಹಂಚಿದೆವು. ಆದೇಶದ ಕೆಳಗೆ ನೋಡಿದರೆ, ವಾರಕ್ಕೆ ಎಂಟು–ಹತ್ತು ಗಂಟೆ ಇದ್ದ ಪಾಠ ಹದಿನೈದು ಗಂಟೆಯಾಗಿತ್ತು. ಇಬ್ಬರ ಪಾಠ ಒಬ್ಬರ ಪಾಲಾಯಿತು, ಇನ್ನೊಬ್ಬರು ಮನೆಗೆ. ನನ್ನ ಎದುರು ಕೂರುತ್ತಿದ್ದ ಇತಿಹಾಸದ ಮೇಷ್ಟ್ರು ಈಗ ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. 2024ರ ಆರಂಭದಲ್ಲಿ ಮತ್ತೊಂದು ಮುಷ್ಕರ ಮುಗಿದಾಗ, ಸೇವೆಯ ವರ್ಷ ನೋಡಿ 5,000ದಿಂದ 8,000 ರೂಪಾಯಿ ಸೇರಿತು. ಯುಜಿಸಿ 2019ರಲ್ಲೇ ಒಂದು ಪಾಠಕ್ಕೆ 1,500, ತಿಂಗಳಿಗೆ ಹೆಚ್ಚೆಂದರೆ 50,000 ಎಂದು ಹೇಳಿತ್ತು. ದೆಹಲಿಯಿಂದ ಹೊರಟ ಆ ಕಾಗದಕ್ಕೆ ಇನ್ನೂ ಹುಣಸೂರು ಬಸ್ಸು ಸಿಕ್ಕಿಲ್ಲ.

ಸಿಲಬಸ್ಸಿನ ಕಥೆ ಬೇರೆ. 2021ರಲ್ಲಿ ಎನ್‌ಇಪಿ ಬಂತು, 2024ರಲ್ಲಿ ಹೋಯಿತು. ಒಂದೇ ದಿನ ಹಳೆಯದನ್ನೂ ಹೊಸದನ್ನೂ ಬೇರೆ ಬೇರೆ ತರಗತಿಗೆ ಹೇಳಿದ್ದೇವೆ.

ಸೆಮಿಸ್ಟರ್ ಮುಗಿದು ರಜೆ ಬಂದರೆ ಗೌರವಧನವೂ ರಜೆ ಹಾಕುತ್ತದೆ. ಮನೆ ಬಾಡಿಗೆಗೆ ಆ ಸೌಲಭ್ಯವಿಲ್ಲ. ಸರ್ಕಾರವನ್ನು ಕೇಳುವುದಿಷ್ಟೇ: ಹನ್ನೆರಡು ತಿಂಗಳೂ ಕೊಡಿ, ಆಯಾ ತಿಂಗಳೇ ಕೊಡಿ. ಕಾಯಂ ಮಾಡುವ ಮಾತನ್ನು ಆಮೇಲೆ ಕೂತು ಆಡೋಣ.