ಬಿಳಿ ಊರಿನ ಬೆಳಕು

"ಊರೆಲ್ಲಾ ತೋರಿಸ್ತೀಯಲ್ಲ, ಅದ್ರಲ್ಲಿ ನೀನೆಲ್ಲೋ?"

ನಾನು ವಾಟ್ಸಾಪ್‌ನಲ್ಲಿ ಕಳಿಸೋ ವಿಡಿಯೋಗಳನ್ನ ನೋಡಿ ಅಮ್ಮ ಕೇಳಿದ್ದು. ಟ್ರಾಮು, ಹಿಮ, ಭಾನುವಾರದ ಸಂತೆ. ನಿಜ, ಒಂದರಲ್ಲೂ ನಾನಿಲ್ಲ. ನಕ್ಕು ಮಾತು ಬದಲಿಸಿದೆ.

ಅದೇ ವಾರ ಸ್ವಿಸ್ ನಿರ್ದೇಶಕ ಅಲೆನ್ ಟಾನರ್ ಅವರ 'ಇನ್ ದ ವೈಟ್ ಸಿಟಿ' (1983) ನೋಡಿದೆ. ಬ್ರೂನೊ ಗಾಂಜ್ ಇದರಲ್ಲಿ ಹಡಗಿನ ಇಂಜಿನಿಯರ್. ಲಿಸ್ಬನ್‌ನಲ್ಲಿ ಇಳಿದವನು ಮತ್ತೆ ಹಡಗು ಹತ್ತೋದೇ ಇಲ್ಲ. ಒಂದು ಕೋಣೆ ಹಿಡಿದು, ಸೂಪರ್ 8 ಕ್ಯಾಮೆರಾದಲ್ಲಿ ಬೀದಿಗಳನ್ನ ಚಿತ್ರಿಸಿ, ಆ ರೀಲುಗಳನ್ನ ಸ್ವಿಟ್ಜರ್ಲೆಂಡಿನಲ್ಲಿರೋ ಹೆಂಡತಿಗೆ ಕಳಿಸ್ತಾನೆ. ಅಲ್ಲೇ ಇನ್ನೊಬ್ಬಳನ್ನ ಪ್ರೀತಿಸ್ತಿರ್ತಾನೆ, ಆದರೂ ಕಳಿಸ್ತಾನೆ. ನನಗೆ ಸ್ವಲ್ಪ ಮುಜುಗರವೇ ಆಯ್ತು.

ಈ ಚಿತ್ರದ ಛಾಯಾಗ್ರಾಹಕರು ಪೋರ್ಚುಗಲ್‌ನ ಅಕಾಸಿಯೊ ದೆ ಅಲ್ಮೇಯ್ದಾ. ಕಿಟಕಿಯ ಬಿಳಿ ಪರದೆ ಗಾಳಿಗೆ ಉಬ್ಬೋ ದೃಶ್ಯವನ್ನ ನಾಲ್ಕು ಸಲ ಹಿಂದಕ್ಕೆ ಹಾಕಿ ನೋಡಿದೆ. ನನ್ನ ಕೆಲಸದಲ್ಲಿ ಚಿತ್ರ ಅಂದ್ರೆ 0ಯಿಂದ 255ರವರೆಗಿನ ಅಂಕಿಗಳು. 255 ಅಂದ್ರೆ ಪೂರ್ತಿ ಬಿಳಿ. ಅಲ್ಲಿಗೆ ವಿವರ ಮುಗೀತು. ಇವರ ಬಿಳಿ ಹಾಗೆ ಮುಗಿಯೋದಿಲ್ಲ. ಅದರೊಳಗೆ ಮಧ್ಯಾಹ್ನ ಇದೆ, ಸೆಕೆ ಇದೆ, ಎದ್ದು ಹೋಗೋಕೆ ಮನಸ್ಸಿಲ್ಲದ ಒಬ್ಬ ಮನುಷ್ಯ ಇದ್ದಾನೆ.

ಅವರ ಬೇರೆ ಚಿತ್ರಗಳನ್ನ ಹುಡುಕಿದೆ. 1970ರ 'ಓ ಸೆರ್ಕೊ'ದಿಂದ 2018ರ 'ಅ ಪೊರ್ತುಗೇಝಾ'ವರೆಗೆ ದೊಡ್ಡ ಪಟ್ಟಿಯೇ ಇದೆ. ನನ್ನನ್ನ ಹಿಡಿದು ಕೂರಿಸಿದ್ದು 1976ರ 'ತ್ರಾಸ್-ಊಸ್-ಮೊಂತೆಸ್'. ಹೆಸರಿನ ಅರ್ಥ 'ಬೆಟ್ಟಗಳ ಆಚೆ'. ಪೋರ್ಚುಗಲ್‌ನ ಈಶಾನ್ಯ ಮೂಲೆಯ ಆ ಸೀಮೆಯಿಂದ ಜನ ದುಡಿಮೆಗೆ ಅಂತ ಫ್ರಾನ್ಸ್ ಕಡೆ ಹೋಗಿಬಿಟ್ಟಿದ್ದರು. ತೆರೆಯ ಮೇಲೆ ಉಳಿದಿರೋರು ಹೆಚ್ಚಾಗಿ ಮಕ್ಕಳು, ಹೆಂಗಸರು, ಮುದುಕರು. ಕವಿ ಆಂತೋನಿಯೊ ರೈಸ್ ಮತ್ತು ಅವರ ಹೆಂಡತಿ, ಮನೋವೈದ್ಯೆ ಮಾರ್ಗರೀದಾ ಕೊರ್ದೈರೊ ಸೇರಿ ನಿರ್ದೇಶಿಸಿದ್ದು. ರೈಸ್ ಮುಂದೆ ಲಿಸ್ಬನ್ ಸಿನಿಮಾ ಶಾಲೆಯಲ್ಲಿ ಮೇಷ್ಟ್ರಾದರು. ಪೆದ್ರೊ ಕೊಸ್ಟಾ ಅವರ ಶಿಷ್ಯ.

ಆ ಸೀಮೆಯ ಒಂದು ಭಾಗದಲ್ಲಿ ಮಿರಾಂದೀಸ್ ಅನ್ನೋ ಸಣ್ಣ ಭಾಷೆ ಇದೆ. ಸರ್ಕಾರದ ಮಾನ್ಯತೆ ಸಿಕ್ಕಿದ್ದು 1999ರಲ್ಲಿ. ಅದಕ್ಕೂ ಇಪ್ಪತ್ತಮೂರು ವರ್ಷ ಮೊದಲೇ ಈ ಚಿತ್ರದಲ್ಲಿ ಆ ಮಾತು ಕೇಳಿಸುತ್ತೆ. ಮನೆಯಲ್ಲಿ ಮಾತ್ರ ಕನ್ನಡ ಕೇಳಿ ಬೆಳೆದ ಇಲ್ಲಿನ ಮಕ್ಕಳಿಗೆ ಇದನ್ನೊಮ್ಮೆ ತೋರಿಸಬೇಕು ಅನ್ನಿಸ್ತು. ನಿಧಾನ ಇದೆ, ಬೈಕೋಬಹುದು, ಪರವಾಗಿಲ್ಲ.

2022ರಲ್ಲಿ, ಎಂಬತ್ತು ದಾಟಿದ ಮೇಲೆ, ಅಕಾಸಿಯೊ ಅವರು ಮರೀ ಕಾರೆ ಜೊತೆ ಸೇರಿ ಬೆಳಕಿನ ಬಗ್ಗೆಯೇ ಒಂದು ಚಿತ್ರ ಮಾಡಿದರು, 'ಓಬ್ಜೆಕ್ಟೂಸ್ ದೆ ಲೂಸ್'. ಜೀವನಪೂರ್ತಿ ಕ್ಯಾಮೆರಾ ಹಿಂದೆ ಇದ್ದವರು.

ಹೋದ ಭಾನುವಾರ ಫೋನನ್ನ ಅಡುಗೆಮನೆಯ ಡಬ್ಬಕ್ಕೆ ಆನಿಸಿಟ್ಟು, ಈರುಳ್ಳಿ ಹೆಚ್ಚುತ್ತಾ ಎರಡು ನಿಮಿಷ ವಿಡಿಯೋ ಮಾಡಿ ಕಳಿಸಿದೆ. ಅಮ್ಮ ತಕ್ಷಣ ಫೋನ್ ಮಾಡಿದಳು.

"ಮುಖ ಕಪ್ಪಗೆ ಕಾಣ್ತಿದೆ. ಕಿಟಕಿ ಕಡೆ ತಿರುಕ್ಕೊಂಡು ನಿಂತ್ಕೋ. ಇನ್ನೊಂದ್ಸಲ ಮಾಡು."